ಮೇಷ್ಟ್ರ ಶ್ರುತಿ

ಜಯನಗರದಲ್ಲಿ ನಾನು ಟೇಪ್‌ರೆಕಾರ್ಡರ್ ರಿಪೇರಿ ಅಂಗಡಿ ಇಟ್ಟಿದ್ದ ಕಾಲ. ಪುಟ್ಟೇನಹಳ್ಳಿಯಿಂದ ಸೈಕಲ್ಲಲ್ಲಿ ಬಂದ ಮೇಷ್ಟ್ರೊಬ್ಬರು, ಗುಂಡಿ ಸಿಕ್ಕಿಹಾಕಿಕೊಂಡಿದೆ ಅಂತ ತಮ್ಮ ಟೇಪ್‌ರೆಕಾರ್ಡರ್ ಕೊಟ್ಟು ಹೋದರು. ಗುಂಡಿ ಸರಿಮಾಡಿ ಕ್ಯಾಸೆಟ್ ಹಾಕಿದರೆ, ಮೋಟಾರು ಹಳೇದಾಗಿ ಹಾಡು ಎಳೀತಿತ್ತು, ಶ್ರುತಿಯೂ ಇಳಿದಿತ್ತು. ಅದರ ಸ್ಕ್ರೂ ತಿರುಗಿಸಿ ಸ್ಪೀಡೂ ಸರಿಮಾಡಿ ಕಳಿಸಿದೆ.

ಮಾರನೇ ದಿನವೇ ಮೇಷ್ಟ್ರು ವಾಪಸ್ ಬಂದರು.

"ಏನ್ರೀ ಮಾಡಿದ್ರಿ ಇದಕ್ಕೆ?"

"ಈಗ ಸರಿಯಾಗಿ ಹಾಡುತ್ತಲ್ಲ ಮೇಷ್ಟ್ರೇ."

"ಅದು ಹಾಡುತ್ತೆ. ನಾನು ಹಾಡೋದು ಬೇಡ್ವಾ? ಭಾನುವಾರ ಗಣೇಶನ ಪೆಂಡಾಲಲ್ಲಿ ನನ್ನ ಹಾಡು ಇದೆ, ದಿನಾ ಇದರ ಜೊತೆಗೇ ಅಭ್ಯಾಸ ಮಾಡಿದ್ದೀನಿ. ಈಗ ಶ್ರುತಿ ಏರಿದೆ, ಇದರ ಜೊತೆ ಹಾಡೋಕೆ ಹೋದ್ರೆ ಚರಣದಲ್ಲಿ ಗಂಟಲು ಕೈ ಕೊಡುತ್ತೆ."

ನನಗೆ ಕುತೂಹಲ ತಡೀಲಿಲ್ಲ. ಸ್ಟೂಲ್ ಮೇಲೆ ಕೂರಿಸಿ ಟೇಪಿನ ಜೊತೆಗೇ ಹಾಡಿಸಿದೆ. ಅವರು ಹಾಡ್ತಾ ಇದ್ದರು, ನಾನು ಸ್ಕ್ರೂ ತಿರುಗಿಸಿ ಸ್ಪೀಡ್ ಇಳಿಸ್ತಾ ಹೋದೆ. ಒಂದು ಕಡೆ ಅವರ ಕತ್ತಿನ ಉಬ್ಬಿದ್ದ ನರ ಇಳಿದು ದನಿ ತುಂಬಿಕೊಂಡು ಬಂತು.

"ಇಲ್ಲೇ ಬಿಡಿ," ಅಂತ ಕೈ ಎತ್ತಿದರು. ಕ್ಯಾಸೆಟ್ಟಿನ ಗಾಯಕ ಮಾತ್ರ ನಿದ್ದೆಗಣ್ಣಲ್ಲಿ ಹಾಡ್ತಿದ್ದ ಹಾಗಿತ್ತು.

ಭಾನುವಾರ ಹಾರ್ಮೋನಿಯಂನವರು ಶ್ರುತಿ ಯಾವುದು ಅಂತ ಕೇಳಿದಾಗ, ಮೇಷ್ಟ್ರು ಟೇಪ್‌ರೆಕಾರ್ಡರನ್ನೇ ಅವರ ಮುಂದಿಟ್ಟು ಗುಂಡಿ ಒತ್ತಿದರಂತೆ.

ಆಮೇಲಿಂದ ಯಾರದೇ ಮೋಟಾರಿಗೆ ಕೈ ಹಾಕೋ ಮುಂಚೆ ಒಂದು ಮಾತು ಕೇಳ್ತಿದ್ದೆ: "ಮನೇಲಿ ಹಾಡೋದು ಇದೋ, ನೀವೋ?"