ಗಾಡಿ ನನ್ನ ಪಾಲಿಗೆ, ಪೆಟ್ಟಿಗೆ ಅಣ್ಣನ ಪಾಲಿಗೆ

ನಮ್ಮ ಕೊಬ್ಬರಿ ಅಟ್ಟದ ಕೆಳಗಿನ ಶೆಡ್ಡಿನಲ್ಲಿ ನೆಟ್ಟಗೆ ನಿಲ್ಲಲು ಆಗುವುದಿಲ್ಲ. ಕಾಯಿ ಒಣಗಲೆಂದು ಅಪ್ಪ ಕಟ್ಟಿಸಿದ ಅಟ್ಟ ಅದು. ಕೆಳಗೊಬ್ಬ ಮನುಷ್ಯ ಇಡೀ ದಿನ ಕೆಲಸ ಮಾಡುತ್ತಾನೆಂದು ಅವರಿಗೇನು ಗೊತ್ತಿತ್ತು? ವರ್ಷ ಪೂರ್ತಿ ತಲೆಯ ಮೇಲೆ ರಾಶಿ ತೆಂಗಿನಕಾಯಿ, ಕೆಳಗೆ ಸೊಂಟ ಬಗ್ಗಿಸಿಕೊಂಡು ನಾನು. ಇಲಿ ಓಡಿದರೆ ಮೇಲೆ ಕಾಯಿಗೆ ಕಾಯಿ ತಾಗುತ್ತದೆ, ಬೆಚ್ಚಿ ತಲೆಯೆತ್ತಿದರೆ ತೊಲೆ ಹಣೆಗೆ ಬಡಿಯುತ್ತದೆ.

ಕಣಕಟ್ಟೆ ಪಕ್ಕದ ನಮ್ಮೂರಿನಲ್ಲಿ ಯಾರ ಬೈಕು ಕೆಮ್ಮಿದರೂ ಬಂದು ನಿಲ್ಲುವುದು ಈ ಶೆಡ್ಡಿನ ಮುಂದೆ. ನಾನು ಮೆಕ್ಯಾನಿಕ್ ಅಲ್ಲ. ತೋಟ, ರಾಗಿ ಹೊಲ ನೋಡಿಕೊಂಡಿರುವವನು. ಬೈಕು ಬಿಚ್ಚಿ ಜೋಡಿಸುವುದು ಅಪ್ಪನಿಂದ ಅಂಟಿಕೊಂಡ ಚಟ. ಚಟಕ್ಕೆ ಕೂಲಿ ಕೇಳುವುದುಂಟೇ? ಆದರೆ ಕೂಲಿ ಕೇಳದವನಿಗೆ ಆಗುವುದಿಲ್ಲ ಎನ್ನುವ ಹಕ್ಕೂ ಇರುವುದಿಲ್ಲವೆಂದು ನನಗೆ ಗೊತ್ತಾಗಿದ್ದು ತಡವಾಗಿ. ಡೇರಿಗೆ ಹಾಲು ಹಾಕುವವರು, ಸಂತೆಗೆ ಹೊರಟವರು, ಎಲ್ಲರದೂ ಒಂದೇ ಮಾತು, ಎರಡೇ ನಿಮಿಷ ನೋಡಣ್ಣ. ಆ ಎರಡೆರಡು ನಿಮಿಷಗಳಲ್ಲೇ ನನ್ನ ಅರ್ಧ ಆಯಸ್ಸು ಹೋಗಿದೆ. ಬೈದುಕೊಂಡೇ ಸ್ಪ್ಯಾನರ್ ಹಿಡಿಯುತ್ತೇನೆ. ಆಮೇಲೆ ಎದ್ದು ಬರಲು ಮನಸ್ಸಾಗುವುದಿಲ್ಲ.

ಊರಿನ ಗಾಡಿಗಳೆಲ್ಲ ಗುಣವಾಗಿ ಹೋಗುವ ಈ ಶೆಡ್ಡಿನಲ್ಲಿ ಏಳು ವರ್ಷ ಕೆಟ್ಟು ನಿಂತಿದ್ದ ಗಾಡಿ ಒಂದೇ. ಅದು ನನ್ನದು. ಅಂದರೆ, ಅಪ್ಪನದು. ಅದರ ಸೀಟಿನ ಮೇಲೆ ಕೋಳಿ ಮೊಟ್ಟೆಯಿಟ್ಟ ದಿನ ನನ್ನ ಹೆಂಡತಿ ಮೊಟ್ಟೆ ತಂದು ನನ್ನ ಕೈಗೇ ಕೊಟ್ಟಳು. ಗಾಡಿಯಿಂದ ಇಷ್ಟಾದರೂ ಹುಟ್ಟಿತಲ್ಲ ಎಂದಳು.

ನಮ್ಮ ಕಡೆ ಅಣ್ಣತಮ್ಮಂದಿರು ಭಾಗವಾಗುವಾಗ ಹಿರಿಯ ಪಾಲು ಮಾಡಬೇಕು, ಕಿರಿಯ ಮೊದಲು ಆರಿಸಿಕೊಳ್ಳಬೇಕು. ಹಾಗಾದರೆ ಹಿರಿಯನು ಮೋಸ ಮಾಡಲಾರ ಎಂಬ ಲೆಕ್ಕಾಚಾರ. ಅಪ್ಪ ಹೋದ ಮೇಲೆ ನಾವಿಬ್ಬರೂ ಹಾಗೆಯೇ ಭಾಗವಾದೆವು. ಅತ್ತಿಗೆಗೆ ಒಡಹುಟ್ಟಿದವರಿಲ್ಲದ ಕಾರಣ ಅವರ ತವರಿನ ಗದ್ದೆ ನೋಡಿಕೊಳ್ಳಲು ಅಣ್ಣ ಮಾದಿಹಳ್ಳಿಗೆ ಹೊರಟಿದ್ದ. ಹೊಲ, ತೋಟ, ಪಾತ್ರೆಪಡಗ ಎಲ್ಲ ಸಲೀಸಾಗಿ ಮುಗಿದು ಕೊನೆಗೆ ಉಳಿದದ್ದು ಅಪ್ಪನ ಬೈಕು ಮತ್ತು ಅಪ್ಪನ ಟೂಲ್ಸ್ ಪೆಟ್ಟಿಗೆ. ಅಣ್ಣ ಅಂಗಳದಲ್ಲಿ ಎರಡನ್ನೂ ಬೇರೆ ಬೇರೆ ಇಟ್ಟ. ಬೈಕು ಒಂದು ಪಾಲು, ಪೆಟ್ಟಿಗೆ ಇನ್ನೊಂದು ಪಾಲು.

ನಾನು ಅಣ್ಣನ ಮುಖ ನೋಡಿದೆ. ಅವನ ಕಣ್ಣು ಬೈಕಿನ ಮೇಲಿತ್ತು. ನನಗೆ ಅಷ್ಟೇ ಸಾಕಾಯಿತು. ಓಡಿಸುವುದರಲ್ಲಿ ಅವನಿಗಿದ್ದ ಆಸೆ ನನಗೆಂದೂ ಇರಲಿಲ್ಲ, ನನ್ನದೇನಿದ್ದರೂ ಬಿಚ್ಚುವ ಕೈ. ಆದರೂ ಅದು ಅವನಿಗೆ ಹೋಗಬಾರದು ಅನ್ನಿಸಿತು. ಯಾಕೆ ಎಂದು ಇವತ್ತು ಕೇಳಿಕೊಂಡರೆ ನಾಚಿಕೆಯಾಗುತ್ತದೆ. ಹೋಗಿ ಬೈಕಿನ ಮೇಲೆ ಕೈಯಿಟ್ಟೆ.

ಪೆಟ್ಟಿಗೆಯಲ್ಲಿ ಏನಾದರೂ ಬೇಕಾದರೆ ಕೇಳು ಎಂದ ಅಣ್ಣ. ಗೆದ್ದವನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಸೇರಿದ್ದ ಹಿರಿಯರೆಲ್ಲರ ಎದುರಿಗೆ ನಾನು ಹೇಳಿದೆ: "ನಿನ್ ಪೆಟ್ಟಿಗೆ ಇಲ್ದೇನೂ ನನ್ ಗಾಡಿ ಓಡ್ತೈತೆ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮೂರು ತಿಂಗಳಿಗೆ ಗಾಡಿಯಲ್ಲಿ ಕರೆಂಟು ನಿಂತಿತು. ಪ್ಲಗ್ಗಿಗೆ ಕಿಡಿ ಬರುತ್ತಿರಲಿಲ್ಲ. ಇಂಜಿನ್ ಪಕ್ಕದಲ್ಲಿ ತಟ್ಟೆಯಂಥ ಒಂದು ಮ್ಯಾಗ್ನೆಟ್ ಇರುತ್ತದೆ. ಅದನ್ನು ಎಳೆದು ತೆಗೆದರೆ ಒಳಗೆ ಕಿಡಿಗೆ ಕರೆಂಟು ಕೊಡುವ ಕಾಯಿಲ್ ಬದಲಿಸಬಹುದು, ಹತ್ತು ನಿಮಿಷದ ಕೆಲಸ. ಸ್ಪ್ಯಾನರುಗಳನ್ನೆಲ್ಲ ಹೊಸದಾಗಿ ಕೊಂಡಿದ್ದೆ, ಆದರೆ ಎಳೆಯಲು ಪುಲ್ಲರ್ ಬೇಕು. ಅಂಗಡಿಯಲ್ಲಿ ಸಿಗುವ ಪುಲ್ಲರ್ ನಮ್ಮ ಗಾಡಿಗೆ ಕೂರುವುದಿಲ್ಲ. ಒಮ್ಮೆ ಮ್ಯಾಗ್ನೆಟ್ಟಿನ ಮರೆ, ಅಂದರೆ ಪುಲ್ಲರ್ ತಿರುಗಿ ಕೂರುವ ಸುರುಳಿ ಗೆರೆ, ಸವೆದಾಗ ಅಪ್ಪ ಅರಸೀಕೆರೆಯ ಲೇತಿನಲ್ಲಿ ಹೊಸ ಮರೆ ಹಾಕಿಸಿ, ಅದಕ್ಕೆ ತಕ್ಕ ಪುಲ್ಲರನ್ನೂ ಅಲ್ಲೇ ಮಾಡಿಸಿದ್ದರು. ಆ ಪುಲ್ಲರ್ ಇದ್ದದ್ದು ಅಣ್ಣನ ಪಾಲಿನ ಪೆಟ್ಟಿಗೆಯಲ್ಲಿ.

ಅದೇ ಲೇತಿಗೆ ಹೋಗಿ ಇನ್ನೊಂದು ಮಾಡಿಕೊಡಿ ಎಂದೆ. ಮ್ಯಾಗ್ನೆಟ್ ತನ್ನಿ, ಮರೆ ಅಳೆದು ಮಾಡುತ್ತೇನೆ ಎಂದ ಲೇತಿನವನು. ಪುಲ್ಲರ್ ಇಲ್ಲದೆ ಮ್ಯಾಗ್ನೆಟ್ ಬರದು, ಮ್ಯಾಗ್ನೆಟ್ ಇಲ್ಲದೆ ಪುಲ್ಲರ್ ಆಗದು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು. ಸಿಟ್ಟಿಗೆ ಉಳಿ ಸುತ್ತಿಗೆ ಹಿಡಿದು ಬಡಿದೆ, ಮ್ಯಾಗ್ನೆಟ್ಟಿನ ಅಂಚು ಹಾರಿತು. ಆಮೇಲೆ ಮುಟ್ಟಲಿಲ್ಲ. ಗಾಡಿಯನ್ನೇ ಲೇತಿಗೆ ಹೇರಿಕೊಂಡು ಹೋಗಬಹುದಿತ್ತು, ನಿಜ. ಮೂಲೆಯಲ್ಲಿ ನಿಂತಿದ್ದರೆ ಓಡಿಸಲು ಪುರುಸೊತ್ತಿಲ್ಲ ಎನ್ನಬಹುದು, ಹೇರಿಕೊಂಡು ಹೋದರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗಿ ಸುದ್ದಿ ಮಾದಿಹಳ್ಳಿ ಮುಟ್ಟುತ್ತಿತ್ತು.

ಕೆಟ್ಟ ಗಾಡಿಗಿಂತ ಕೆಟ್ಟದ್ದು ಅದನ್ನು ಮುಚ್ಚಿಡುವುದು. ಮದುವೆ, ತಿಥಿಗಳಲ್ಲಿ ಸಿಕ್ಕಾಗ ಅಣ್ಣ ತಪ್ಪದೆ ಕೇಳುತ್ತಿದ್ದ, ಗಾಡಿ ಹೆಂಗೈತೆ ಎಂದು. ಓಡ್ತೈತೆ ಎನ್ನುತ್ತಿದ್ದೆ. ಯಾವತ್ತಾದರೂ ಅದರಲ್ಲೇ ಬಾ ಎನ್ನುತ್ತಿದ್ದ. ಬತ್ತೀನಿ ಎನ್ನುತ್ತಿದ್ದೆ. ಬಸ್ಸಿನಲ್ಲಿ ಹೋದರೆ ಗಾಡಿ ಎಲ್ಲಿ ಎನ್ನುತ್ತಾನೆ, ಅದಕ್ಕೇ ಹೋಗಲೇ ಇಲ್ಲ. ಒಂದು ಗೌರಿಹಬ್ಬಕ್ಕೆ ಅವನೇ ಬಂದ. ನಾನು ಹಿಂದಿನ ದಿನವೇ ಶೆಡ್ಡಿಗೆ ಬೀಗ ಹಾಕಿ, ಬೀಗದ ಕೈ ಕಳೆದಿದೆ ಎಂದೆ. ಅಣ್ಣ ಬೀಗ ನೋಡಿದ, ನನ್ನನ್ನು ನೋಡಿದ, ಸಂಜೆಯ ಬಸ್ಸಿಗೆ ಹೊರಟ. ಮತ್ತೆ ನಮ್ಮೂರಿಗೆ ಬರಲಿಲ್ಲ. ಏಳು ವರ್ಷ ನಾನು ಆ ಶೆಡ್ಡಿನಲ್ಲಿ ಕೂತು ಊರವರ ಗಾಡಿಗಳನ್ನು ಓಡಿಸಿ ಕಳಿಸಿದೆ. ನಾನು ಮಾತ್ರ ಎಲ್ಲಿಗೂ ಹೋಗಲಿಲ್ಲ.

ಹೋದ ವರ್ಷ ಅಟ್ಟದ ತೊಲೆ ಬಾಗಿತು. ಹೊಸ ಕಾಯಿ ತುಂಬುವ ಮೊದಲು ಕಂಬ ಕೊಡಲೇಬೇಕು, ಅದೂ ಬೈಕು ನಿಂತ ಜಾಗದಲ್ಲೇ ಎಂದ ಬಡಗಿ. ಇನ್ನೆಲ್ಲೂ ಜಾಗವಿರಲಿಲ್ಲ. ಹೆಂಡತಿ ಗುಜರಿಯವನನ್ನು ಕರೆಸಿದಳು. ಅವನು ಹ್ಯಾಂಡಲ್ ಅಲ್ಲಾಡಿಸಿ, ಟ್ಯಾಂಕ್ ತಟ್ಟಿ, ತಕ್ಕಡಿ ತರಲೇ ಎಂದು ಕೇಳಿದ. ಅಪ್ಪ ನಮ್ಮಿಬ್ಬರನ್ನೂ ಹಿಂದೆ ಮುಂದೆ ಕೂರಿಸಿಕೊಂಡು ಬೇಲೂರಿಗೆ ಹೋಗಿದ್ದ ಗಾಡಿಯನ್ನು ತೂಕಕ್ಕೆ ಹಾಕುತ್ತಾನಂತೆ. ಅವನನ್ನು ಬೈದು ಕಳಿಸಿದೆ. ಪಾಪ, ಅವನದೇನು ತಪ್ಪು?

ಮಾರನೆಯ ದಿನ ಅರಸೀಕೆರೆಗೆ ಬಂದು ಹಳೇಬೀಡಿನ ಬಸ್ಸು ಹತ್ತಿದೆ.

ಅಣ್ಣ ಜಗುಲಿಯ ಮೇಲೆ ಬಲಮಂಡಿಗೆ ಪಟ್ಟಿ ಸುತ್ತಿಕೊಂಡು ಕೂತಿದ್ದ. ಗಾಡಿ ಎಲ್ಲಿ ಎಂದು ಕೇಳಲಿಲ್ಲ. ಅತ್ತಿಗೆ ಕಾಲಿಗೆ ನೀರು ಕೊಟ್ಟು, ಅಕ್ಕಿರೊಟ್ಟಿ ಬಡಿಸಿದರು. ಎದುರಿಗೆ ದೇವರ ಗೂಡಿನ ಕೆಳಗೇ ಅಪ್ಪನ ಪೆಟ್ಟಿಗೆ ಇತ್ತು. ಅದರ ಮುಚ್ಚಳದ ಮೇಲೆ ಒಂದರ ಮೇಲೊಂದು ಕುಂಕುಮದ ಬೊಟ್ಟು, ವರ್ಷವರ್ಷದ ಆಯುಧಪೂಜೆಯದು. ಕೊನೆಗೆ ತಟ್ಟೆ ನೋಡುತ್ತಲೇ ಹೇಳಿದೆ: "ಅಣ್ಣ, ಪುಲ್ಲರ್ ಬೇಕಾಗಿತ್ತು."

"ಯಾವತ್ತಿಂದ ನಿಂತೈತೆ?"

"ನೀನು ಹೋದ ಮೂರು ತಿಂಗಳಿಗೆ."

ಅಣ್ಣ ಎದ್ದು ಕುಂಟುತ್ತ ಹೋಗಿ ಪೆಟ್ಟಿಗೆ ತೆಗೆದ. ಪುಲ್ಲರನ್ನು ಬಟ್ಟೆಯಲ್ಲಿ ಸುತ್ತಿಟ್ಟಿದ್ದ. ತುಕ್ಕು ಹಿಡಿಯದ ಹಾಗೆ ಗ್ರೀಸು ಸವರಿದ್ದ. ಬೇರೆ ಯಾವ ಟೂಲ್ಸಿಗೂ ಗ್ರೀಸು ಇರಲಿಲ್ಲ. ಇದೊಂದನ್ನು ಕೇಳಿಕೊಂಡು ನಾನು ಬರುತ್ತೇನೆಂದು ಅವನಿಗೆ ಗೊತ್ತಿತ್ತು. ನನಗೆ ಸಿಟ್ಟು ಬಂತು, ಅವನ ಮೇಲೋ ನನ್ನ ಮೇಲೋ ತಿಳಿಯಲಿಲ್ಲ. ಎರಡನ್ನೂ ಒಟ್ಟಿಗೆ ಯಾಕೆ ಇಡಲಿಲ್ಲ, ಗಾಡಿ ಒಬ್ಬನಿಗೆ ಟೂಲ್ಸ್ ಒಬ್ಬನಿಗೆ ಕೊಡುವುದೂ ಒಂದು ಪಾಲೇ ಎಂದು ಕೇಳಿಬಿಟ್ಟೆ.

ಅಣ್ಣ ಪುಲ್ಲರಿನ ಗ್ರೀಸನ್ನು ನಿಧಾನವಾಗಿ ಒರೆಸಿದ.

"ನೀನು ಪೆಟ್ಟಿಗೆ ಆರಿಸ್ಕೋತೀಯ ಅಂದ್ಕೊಂಡಿದ್ದೆ ಕಣ್ಲಾ. ಬಿಚ್ಚೋ ಕೈ ನಿಂದು. ಗಾಡಿ ನಂತಾವ ಇದ್ರೆ, ಕೆಟ್ಟಾಗೆಲ್ಲ ನಿಂತಾವ ಬರ್ಬೋದಲ್ಲ ಅಂತ."

ನನಗೆ ಅಳು ಬಂತು. ಅತ್ತಿಗೆ ನೋಡದ ಹಾಗೆ ಒಳಗೆ ಹೋದರು.

ಊರಿಗೆ ಬಂದು ಪುಲ್ಲರ್ ತಿರುಗಿಸಿದರೆ ಮ್ಯಾಗ್ನೆಟ್ ಟಕ್ಕೆಂದು ಕೈಗೆ ಬಂತು. ಕಾಯಿಲ್ ಬದಲಿಸಿ, ಕಾರ್ಬುರೇಟರ್ ತೊಳೆದು, ಹೊಸ ಟೈರು ಹಾಕಿ, ಊರವರ ಗಾಡಿಗಳನ್ನೆಲ್ಲ ಮೂರು ದಿನ ಆಚೆ ನಿಲ್ಲಿಸಿದೆ. ನಾಲ್ಕನೆಯ ದಿನ ಅಪ್ಪನ ಗಾಡಿ ಹೊಗೆ ಬಿಟ್ಟುಕೊಂಡು ಹೊರಟಿತು. ಅರಸೀಕೆರೆ ದಾಟಿ ಹಳೇಬೀಡಿನ ಮೇಲೆ ಮಾದಿಹಳ್ಳಿಗೆ ಹೋಗಿ, ಅಣ್ಣನ ಜಗುಲಿ ಪಕ್ಕ ಸ್ಟ್ಯಾಂಡ್ ಹಾಕಿದೆ. ಗಾಡಿ ನಿನಗಿರಲಿ, ಪೆಟ್ಟಿಗೆ ನಾನು ಒಯ್ಯುತ್ತೇನೆ ಎಂದೆ. ಅಣ್ಣ ತನ್ನ ಮಂಡಿ ತೋರಿಸಿದ. ಡಾಕ್ಟರು ಗಾಡಿ ಮುಟ್ಟಕೂಡದು ಎಂದಿದ್ದಾರೆ, ಕಿಕ್ ಹೊಡೆಯುವುದಿರಲಿ, ಕಾಲೆತ್ತಿ ಹತ್ತುವುದಕ್ಕೂ ಆಗುವುದಿಲ್ಲ ಎಂದ. ಏಳು ವರ್ಷದ ಹಿಂದೆ ಆ ಮಂಡಿ ಗಟ್ಟಿಯಾಗಿಯೇ ಇತ್ತು. ಆ ಏಳು ವರ್ಷ ಕಳೆದದ್ದು ನಾನು. ಇದನ್ನು ರಿಪೇರಿ ಮಾಡುವ ಟೂಲ್ಸು ಯಾವ ಪೆಟ್ಟಿಗೆಯಲ್ಲೂ ಇಲ್ಲ.

ಆದರೂ ಗಾಡಿ ಬಿಟ್ಟೇ ಬಂದೆ. ಕೆಟ್ಟರೆ ಫೋನು ಮಾಡು ಎಂದೆ. ಬಸ್ಸಿನಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬರುವಾಗ, ಓಡಿಸದ ಗಾಡಿ ಕೆಟ್ಟದ್ದು ಅವನಿಗೆ ತಿಳಿಯುವುದಾದರೂ ಹೇಗೆ ಅನ್ನಿಸಿತು.

ಈಗ ಶೆಡ್ಡಿನಲ್ಲಿ ಬೈಕಿದ್ದ ಜಾಗದಲ್ಲಿ ಕಂಬವಿದೆ. ಅದರ ಬುಡದಲ್ಲಿ ಅಪ್ಪನ ಪೆಟ್ಟಿಗೆ. ನಾನು ಅದೇ ತೊಲೆಯ ಕೆಳಗೆ ಬಗ್ಗಿಕೊಂಡು ಅದೇ ಎರಡು ನಿಮಿಷದ ಕೆಲಸಗಳನ್ನು ಮಾಡುತ್ತೇನೆ. ಮೊನ್ನೆ, ದೀಪಾವಳಿ ಕಳೆದು ಒಂದು ವಾರವಾಗಿತ್ತು. ಒಬ್ಬರ ಸ್ಕೂಟರಿನ ಬ್ರೇಕು ಬಿಚ್ಚಿ ಕೂತಿದ್ದಾಗ ಅಣ್ಣನ ಫೋನು ಬಂತು.

"ಲೋ, ಗಾಡಿ ಸ್ಟಾರ್ಟೇ ಆಗ್ತಿಲ್ಲ ಕಣ್ಲಾ. ಬೆಳಗಿಂದ ಒದ್ದೂ ಒದ್ದೂ ಸಾಕಾಯ್ತು."

ಆ ಮನೆಯಲ್ಲಿ ಕಿಕ್ ಹೊಡೆಯಲಾಗದ ಅವನನ್ನು ಬಿಟ್ಟರೆ ಗಾಡಿ ಮುಟ್ಟುವವರಿಲ್ಲ. ಯಾರು ಒದ್ದರು ಎಂದು ನಾನು ಕೇಳಲಿಲ್ಲ. ಮುಟ್ಟಬೇಡ, ಬತ್ತೀನಿ ಎಂದೆ. ಸ್ಕೂಟರಿನವರಿಗೆ ಜೀವಮಾನದಲ್ಲಿ ಮೊದಲ ಸಲ ಇವತ್ತು ಆಗುವುದಿಲ್ಲ ಎಂದು ಹೇಳಿ, ಪೆಟ್ಟಿಗೆ ಎತ್ತಿಕೊಂಡು ಬಸ್ ಸ್ಟ್ಯಾಂಡಿಗೆ ಹೊರಟೆ.