ಮಾಳಿಗೆಗೆ ಇನ್ನೊಂದೇ ದಿನ

ಬೆಳಗಿನ ಐದೂವರೆ. ಕೊಳ್ಳೇಗಾಲದ ನೇಕಾರರ ಬೀದಿಯಲ್ಲಿ ಇನ್ನೂ ಬಾಗಿಲುಗಳು ತೆರೆದಿಲ್ಲ. ರೇಷ್ಮೆಗೂಡಿನ ವ್ಯಾಪಾರಿ ಕೆಂಪನಂಜಪ್ಪನವರ ಮನೆಯ ಮೇಲಿನ ಮಾಳಿಗೆಯಲ್ಲಿ ಮಾತ್ರ ಹೆಜ್ಜೆ ಸಪ್ಪಳ. ಅರವತ್ತರ ಗುರುಸಿದ್ದಮ್ಮ ಇಪ್ಪತ್ತು ರೇಷ್ಮೆ ಎಳೆಗಳನ್ನು ಬೆರಳ ಸಂದಿಯಲ್ಲಿ ಹಿಡಿದು ಈ ಗೋಡೆಯ ಗೂಟದಿಂದ ಆ ಗೋಡೆಯ ಗೂಟಕ್ಕೆ ನಡೆಯುತ್ತಾರೆ, ಎಳೆ ಸುತ್ತಿ ಹಿಂದಿರುಗುತ್ತಾರೆ. ಎಷ್ಟು ಸುತ್ತಾಯಿತೆಂದು ಬಾಯಲ್ಲೇ ಎಣಿಸುತ್ತಾರೆ. ಇವತ್ತು ಆ ಎಣಿಕೆ ಆಗಲೇ ಎರಡು ಸಲ ತಪ್ಪಿದೆ.

"ಇಪ್ಪತ್ತೊರ್ಸದಲ್ಲಿ ಇಂಗಾಗಿರ್ನಿಲ್ಲ ಸಾ. ಕಾಲು ಇಲ್ಲಿ ಅದೆ, ಜೀವ ಕೆಳಗಿನ ಮನೇಲದೆ" ಎಂದು ಪೇಪರಿಗೆ ಬರೆಯಲು ಬಂದ ನನಗೆ ಹೇಳುತ್ತಾರೆ.

ಸೀರೆಯ ಉದ್ದಕ್ಕೆ ಬರುವ ಎಳೆಗಳಿಗೆ ಹಾಸು ಎನ್ನುತ್ತಾರೆ. ಹಾಸು ಸಿದ್ಧವಾಗದೆ ಮಗ್ಗ ಆಡುವುದಿಲ್ಲ. ಇಲ್ಲಿ ಒಂದು ಸಲ ಹೋಗಿ ಬಂದರೆ ಹದಿನೆಂಟು ಗಜ, ಮೂರು ಸೀರೆಯ ಉದ್ದ. ಅಂಥ ಇನ್ನೂರು ಸಲಕ್ಕೆ ನಾಲ್ಕು ಸಾವಿರ ಎಳೆಗಳ ಒಂದು ಹಾಸು. ದಿನಕ್ಕೆ ಎರಡು ಹಾಸೆಂದರೆ ಈ ತಾಯಿ ಮನೆಯೊಳಗೇ ನಾಲ್ಕು ಮೈಲಿ ನಡೆಯುತ್ತಾರೆ. ಸುತ್ತಲಿನ ನಲವತ್ತೆರಡು ಮಗ್ಗಗಳಿಗೆ ಇವರದೇ ಹಾಸು. ಸೀರೆ ಉಟ್ಟವರು ಅಂಚನ್ನು ಹೊಗಳುತ್ತಾರೆ, ಸೆರಗನ್ನು ಹೊಗಳುತ್ತಾರೆ. ಹಾಸು ಹಾಕಿದವರು ಯಾರೆಂದು ಕೇಳಿದವರನ್ನು ನಾನಂತೂ ಕಂಡಿಲ್ಲ.

ಬೀದಿಯಲ್ಲಿ ಹಾಸು ಹಾಕಿದರೆ ಗಾಳಿಗೆ ಎಳೆ ಹರಿಯುತ್ತದೆ. ಬೇರೆ ಮನೆಗಳಲ್ಲಿ ನಡುವೆ ಕಂಬಗಳು. ಕಂಬವಿಲ್ಲದ ಒಂಬತ್ತು ಗಜದ ಕೋಣೆ ಬೇಕೆಂದೇ ಗುರುಸಿದ್ದಮ್ಮನ ಗಂಡ ಪುಟ್ಟಸಿದ್ದಯ್ಯ ಈ ಮಾಳಿಗೆಯನ್ನು ತಮ್ಮ ಖರ್ಚಿನಲ್ಲಿ ಕಟ್ಟಿಸಿದರು. ಕೆಳಗಿನ ಮನೆ, ನೆಲ ಎರಡೂ ಕೆಂಪನಂಜಪ್ಪನವರ ತಂದೆಯದು. ಆಗ ಆದ ಕರಾರು ಇಪ್ಪತ್ತು ವರ್ಷದ್ದು. ಅವಧಿ ತೀರುವುದರೊಳಗೆ ತಾಂಬೂಲ ಕೊಟ್ಟು ಕೇಳಿದರೆ ಇನ್ನಿಪ್ಪತ್ತು ವರ್ಷ ಮುಂದುವರಿಸಬೇಕು. ಕೇಳದಿದ್ದರೆ ಮಾಳಿಗೆ ಕೆಳಗಿನವರಿಗೆ. ವಿರೋಧಿಕೃತು ಸಂವತ್ಸರ ಮುಗಿಯುವವರೆಗೆ ಅವಧಿ ಎಂಬುದಷ್ಟೇ ಗುರುಸಿದ್ದಮ್ಮನಿಗೆ ಗೊತ್ತಿದ್ದದ್ದು.

ಎಡವಟ್ಟಾದದ್ದು ಅಲ್ಲೇ. ಸಂವತ್ಸರದ ಕೊನೆಯ ದಿನ ಅಮಾವಾಸ್ಯೆ. ಅಂಥ ದಿನ ಮನೆಯ ಮಾತು ಎತ್ತುವುದೇ? ಯುಗಾದಿಯ ಬೇವುಬೆಲ್ಲ ತಿಂದು, ಮಡಿಯುಟ್ಟು, ಒಳ್ಳೆಯ ಘಳಿಗೆಯಲ್ಲಿ ತಟ್ಟೆ ಹಿಡಿದು ಕೆಳಗಿಳಿದರು. ಗೂಡು ತುಂಬಿಡಲು ಮಾಳಿಗೆಯ ಮೇಲೆ ಕಣ್ಣಿಟ್ಟಿದ್ದ ಕೆಂಪನಂಜಪ್ಪ ತಟ್ಟೆ ಮುಟ್ಟಲಿಲ್ಲ.

"ನೆನ್ನೆಗೇ ವರ್ಸ ಮುಗೀತಲ್ಲ ಗುರುಸಿದ್ದಮ್ಮ, ಇವತ್ತು ಬಂದಿದ್ದೀಯಲ್ಲ" ಎಂದರಂತೆ.

ಅಂದಿನಿಂದ ಈಕೆಗೆ ಅನ್ನ ಸೇರಿಲ್ಲ. ಪುಟ್ಟಸಿದ್ದಯ್ಯ ಲಕ್ವ ಹೊಡೆದು ಮೂರು ವರ್ಷದಿಂದ ಇದೇ ಮಾಳಿಗೆಯ ಮೂಲೆಯಲ್ಲಿ ಮಲಗಿದ್ದಾರೆ, ಮಾತು ನಿಂತಿದೆ. "ಉಗಾದಿ ದಿನ ಅವ್ರು ಕೈ ಅಳ್ಳಾಡುಸ್ತಾನೇ ಇದ್ರು ಸಾ. ನೀರು ಕೇಳ್ತಾವ್ರೆ ಅಂತ ನೀರು ಕುಡುಸ್ಬುಟ್ಟೆ" ಎಂದು ಗುರುಸಿದ್ದಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ.

ಪುಟ್ಟಸಿದ್ದಯ್ಯ ಏನು ಹೇಳಲು ಹೊರಟಿದ್ದರೆಂಬುದು ತಿಳಿದದ್ದು ಹನ್ನೊಂದು ದಿನದ ಹಿಂದೆ, ಪತ್ರ ಬರೆಯುವ ಚಿಕ್ಕಸಿದ್ದಯ್ಯನವರು ಕರಾರು ಬಿಡಿಸಿ ಓದಿದಾಗ. ಕೊಳ್ಳೇಗಾಲ ಮದ್ರಾಸಿಗೆ ಸೇರಿದ್ದ ಕಾಲದ ಪತ್ರ ಅದು, ಇಡೀ ತಮಿಳಿನಲ್ಲಿದೆ.

"ಅಳಬ್ಯಾಡ ಕಣವ್ವ, ಇದು ತಮಿಳ್ರ ಲೆಕ್ಕ. ವಿರೋಧಿಕೃತು ವರ್ಸ, ಪಂಗುನಿ ಮಾಸದ ಕಡೇ ದಿನದವರ್ಗೂ ಅಂತ ಬರದವ್ರೆ. ಅವ್ರ ವರ್ಸ ನಮ್ಮ ಉಗಾದಿಗೆ ಮುಗಿಯಕಿಲ್ಲ, ಚಿತ್ತಿರೈ ತಿಂಗ್ಳು ಹುಟ್ಟೋತಂಕ ಅದೆ" ಎಂದರು ಚಿಕ್ಕಸಿದ್ದಯ್ಯ.

ಹೋದ ಜೀವ ಬಂದಂತಾಯಿತು, ಆದರೆ ನಿಲ್ಲಲಿಲ್ಲ. ಅಷ್ಟರಲ್ಲಿ ಕೆಂಪನಂಜಪ್ಪ ಗೂಡು ಖರೀದಿಗೆಂದು ರಾಮಾಪುರದ ಕಡೆ ಹೊರಟುಹೋಗಿದ್ದರು. ಇವತ್ತು ಬರುತ್ತಾರೆ, ನಾಳೆ ಬರುತ್ತಾರೆ ಎನ್ನುತ್ತಲೇ ಹತ್ತು ದಿನ ಕಳೆದವು. ಆ ಕಡೆಯಿಂದ ಹನೂರಿನ ಮೇಲೆ ಬರುವ ಪ್ರತಿ ಬಸ್ಸಿಗೂ ಗುರುಸಿದ್ದಮ್ಮ ಹಾಸು ನಿಲ್ಲಿಸಿ ಕಿಟಕಿಗೆ ಓಡಿದ್ದಾರೆ. ಕೆಂಪನಂಜಪ್ಪ ಇಳಿದದ್ದು ನಿನ್ನೆ ಕಡೆಯ ಬಸ್ಸಿಗೆ. ಇವತ್ತು ಪಂಗುನಿಯ ಕಡೆಯ ದಿನ.

ಏಳು ಗಂಟೆಗೆ ಹಾಸು ಮುಗಿಯುತ್ತದೆ. ಗುರುಸಿದ್ದಮ್ಮ ಕೈಕಾಲು ತೊಳೆದು, ಗಂಡನ ಬಲಗೈಯನ್ನು ತಟ್ಟೆಗೆ ಮುಟ್ಟಿಸಿ, ಮೆಟ್ಟಿಲಿಳಿಯುತ್ತಾರೆ. ಹಿಂದೆ ಚಿಕ್ಕಸಿದ್ದಯ್ಯ, ಅವರ ಹಿಂದೆ ನಾನು. ತಟ್ಟೆಯಲ್ಲಿ ತೆಂಗಿನಕಾಯಿ ಅಲುಗಾಡುವ ಸದ್ದು ನನಗೂ ಕೇಳಿಸುತ್ತದೆ.

ಜಗಲಿಯ ಮೇಲೆ ಕುಳಿತ ಕೆಂಪನಂಜಪ್ಪ ಪತ್ರ ಓದಿಸಿಕೊಳ್ಳುತ್ತಾರೆ. ಪಂಗುನಿ ಎಂಬಲ್ಲಿ ನಿಲ್ಲಿಸಿ, ಇನ್ನೊಮ್ಮೆ ಓದಿಸುತ್ತಾರೆ. ಒಳಗಿನಿಂದ ತಂದೆಯ ಪ್ರತಿ ತರಿಸುತ್ತಾರೆ. ಅದರಲ್ಲೂ ಅದೇ ಮಾತು. ಪತ್ರ ಮಡಿಸಿ ಗುರುಸಿದ್ದಮ್ಮನತ್ತ ತಿರುಗುತ್ತಾರೆ.

"ನಿನಗೂ ಅರವತ್ತಾಯ್ತು, ಆ ಮನುಷ್ಯ ಮಲಗವ್ರೆ. ಇನ್ನಿಪ್ಪತ್ತು ವರ್ಸ ತಕಂಡು ಏನ್ ಮಾಡೀಯೆ ಗುರುಸಿದ್ದಮ್ಮ?"

ಗುರುಸಿದ್ದಮ್ಮ ತಟ್ಟೆಯನ್ನು ಮುಂದೆ ಚಾಚುತ್ತಾರೆ. "ನನ್ನ ಆಯಸ್ಸು ಕೇಳಕ್ ಬರ್ನಿಲ್ಲ ಸಾವ್ಕಾರ್ರೇ. ಮಾಳಿಗೆ ಆಯಸ್ಸು ಕೇಳಕ್ ಬಂದಿವ್ನಿ. ನಾನ್ ಹೋದ್ರೆ ಇನ್ಯಾರಾದ್ರೂ ನಡೀತಾರೆ. ಗ್ವಾಡೆ ಹೋದ್ರೆ ಎಲ್ಲಿ ನಡೀತಾರೆ?"

ಕೆಂಪನಂಜಪ್ಪ ಮೇಲಕ್ಕೊಮ್ಮೆ ನೋಡುತ್ತಾರೆ. ಆಮೇಲೆ ಎರಡೂ ಕೈ ಚಾಚಿ ತಾಂಬೂಲ ತೆಗೆದುಕೊಳ್ಳುತ್ತಾರೆ. "ಅಪ್ಪ ಬರೆಸಿದ್ದು. ನಡೀರಿ ರಿಜಿಸ್ಟ್ರಿ ಆಪೀಸಿಗೆ" ಎನ್ನುತ್ತಾರೆ, ಮುಖ ಗಂಟಿಕ್ಕಿಕೊಂಡೇ.

ಬೀದಿಗೆ ಬಂದ ಮೇಲೂ ಗುರುಸಿದ್ದಮ್ಮ ಬರಿದಾದ ತಟ್ಟೆಯನ್ನು ಎದೆಗೊತ್ತಿ ಹಿಡಿದಿದ್ದಾರೆ. ಪೇಪರಿನಲ್ಲಿ ಏನು ಬರೆಯಲವ್ವ ಎಂದು ಕೇಳುತ್ತೇನೆ.

"ನನ್ನ ಇಸ್ಯ ಏನ್ ಬರೀತೀರಿ ಬುಡಿ ಸಾ. ನಲವತ್ತೆರಡು ಮಗ್ಗದೋರೂ ಈವತ್ತು ಹೆದ್ರುಕಂಡು ಕುಂತವ್ರೆ. ನಾಳಿಕೂ ಹಾಸು ಬತ್ತದೆ ಅಂತ ಬರೀರಿ."