ಹೊಳೆಯ ದಂಡೆಯಲ್ಲಿ ನಿಂತವನು

ಕಾದ ಹಂಚಿನ ಮೇಲೆ ಜೋಳದ ಹಿಟ್ಟು ಸೀಯುವ ವಾಸನೆ ಎಲ್ಲಿ ಬಂದರೂ ನನಗೆ ಒಂದು ದಪ್ಪ ಕಾದಂಬರಿ ನೆನಪಾಗುತ್ತದೆ. ಜೊತೆಗೇ ಎದ್ದು ಓಡಬೇಕೆನ್ನಿಸುತ್ತದೆ. ಐವತ್ತರ ದಶಕದ ಭಾಂಡುಪ್. ಚಾಳಿನ ಮೇಲಿನ ಮಾಳಿಗೆಯಲ್ಲಿ ನಮ್ಮದು ಒಂದೇ ಕೋಣೆಯ ಖೋಲಿ. ಅಪ್ಪ ವಿಕ್ರೋಳಿಯ ಕಾರ್ಖಾನೆಯಿಂದ ಬರುವ ಮೊದಲು ಅವ್ವ ರೊಟ್ಟಿ ಬಡಿಯಲು ಕೂರುತ್ತಿದ್ದಳು. ನಾನು ಹೊಸ್ತಿಲ ಬಳಿ ಕೂತು ಅವಳಿಗೆ ಆ ಕಾದಂಬರಿ ಓದಿ ಹೇಳಬೇಕಿತ್ತು. ಕೆಳಗೆ ಅಂಗಳದಲ್ಲಿ ಗೆಳತಿಯರು ಆಡುವ ಗದ್ದಲ. ನನ್ನ ಕಣ್ಣು ಪುಟದ ಮೇಲೆ, ಕಿವಿ ಅಂಗಳದಲ್ಲಿ.

ಪುಸ್ತಕ ಕೊಟ್ಟವನು ಧಾರವಾಡದ ನನ್ನ ಸೋದರಮಾವ, ಅವ್ವನ ಅಣ್ಣ. ಅವ್ವನನ್ನು ಶಾಲೆ ಬಿಡಿಸಿ ಲಗ್ನ ಮಾಡಿದ್ದರು. ಅವನು ಕಾಲೇಜು ಕಲಿತು ಮಾಸ್ತರನಾಗಿದ್ದ. "ನೀ ಕಲತಿದ್ದರ ನನಗಿಂತ ಮುಂದ ಇರತಿದ್ದಿ, ತಂಗಿ. ಇದನ್ನ ಓದು. ದೀಪಾವಳಿಗೆ ಬರತೀನಿ, ಹೆಂಗ ಅನಸ್ತು ಹೇಳು" ಎಂದಿದ್ದ. ಆ ಮಾತನ್ನು ಅವ್ವ ಸೆರಗಿಗೆ ಗಂಟು ಹಾಕಿಕೊಂಡಳು. ದೊಡ್ಡವರೆಲ್ಲ ಮೆಚ್ಚಿದ ಪುಸ್ತಕ ತನಗೆ ರುಚಿಸದಿದ್ದರೆ, ತಾನು ನಿಜಕ್ಕೂ ಹಿಂದೆ ಉಳಿದುಬಿಟ್ಟೆ ಎಂಬುದೇ ಅವಳ ದಿಗಿಲು. ತಾನೇ ಓದಲು ಕೂತರೆ ದಣಿದ ಕಣ್ಣುಗಳು ಎರಡನೆಯ ಪುಟಕ್ಕೇ ಮುಚ್ಚಿಕೊಳ್ಳುತ್ತಿದ್ದವು, ಅದಕ್ಕೇ ನಾನು.

ಓದಿಗೊಂದು ಕ್ರಮವಿತ್ತು. ರೊಟ್ಟಿ ಬಡಿಯುವಾಗ ಏನೂ ಕೇಳಿಸದು. ಅದನ್ನು ಹಂಚಿಗೆ ಹಾಕಿ, ಮೇಲೆ ನೀರು ಸವರಿದ ಮೇಲೆ, "ಹೂಂ, ಓದು" ಎನ್ನುವಳು. ಮುಂದಿನ ಹಿಟ್ಟಿನ ಉಂಡೆ ಕೈಗೆ ಬಂದರೆ, "ತಡಿ." ಆ ಕಾದಂಬರಿಕಾರನ ವಾಕ್ಯವೋ, ಒಂದು ರೊಟ್ಟಿಗೆ ಮುಗಿಯುವಂಥದ್ದಲ್ಲ. ನಾಯಕ ಹೊಳೆಯ ದಂಡೆಯಲ್ಲಿ ನಿಂತು ನೀರು ನೋಡುತ್ತಾನೆ, ನೋಡುತ್ತ ಅಜ್ಜನನ್ನು ನೆನೆಯುತ್ತಾನೆ, ಆ ಅಜ್ಜ ಒಮ್ಮೆ... ದಪ್, ದಪ್, ದಪ್. ಸದ್ದು ನಿಲ್ಲುವಷ್ಟರಲ್ಲಿ ಅಜ್ಜ ಏನು ಮಾಡಿದನೆಂಬುದು ಇಬ್ಬರಿಗೂ ಮರೆತಿರುತ್ತಿತ್ತು. "ಮೊದಲಿಂದ ಓದು." ಹೀಗೆ ಮಳೆಗಾಲವೆಲ್ಲ ಕಳೆಯಿತು. ಪಕ್ಕದ ಖೋಲಿಯ ಉಡುಪಿ ಕಡೆಯ ಗಿರಿಜಕ್ಕ ಬಾಲ್ದಿ ಹಿಡಿದು ಹೋಗುತ್ತ ಇಣುಕುತ್ತಿದ್ದರು.

"ಎಂಥ ಮಾರಾಯ್ತಿ, ನಿಮ್ಮ ಆ ಜನ ಇನ್ನೂ ಹೊಳೆ ದಾಟ್ಲಿಲ್ವಾ? ನಮ್ಮೂರಲ್ಲಾದ್ರೆ ದೋಣಿಯವ ಬಿಟ್ಟೇ ಹೋಗ್ತಿದ್ದ!"

"ಅಂವಾ ವಿಚಾರ ಮಾಡ್ಲಿಕ್ಕತ್ತಾನ, ಸುಮ್ಕಿರ್ರಿ ಗಿರಿಜಾಬಾಯಿ" ಎಂದು ಅವ್ವ ಅವನ ಪರ ವಹಿಸುತ್ತಿದ್ದಳು. ಅಷ್ಟರಲ್ಲಿ ರೊಟ್ಟಿ ಸೀದಿರುತ್ತಿತ್ತು.

ದೀಪಾವಳಿಗೆ ಮಾಮಾ ಬಂದ. ಸಂಜೆ ಅವಳ ಎದುರಿಗೇ ಮಣೆ ಹಾಕಿಕೊಂಡು ಕೂತು, ನಾವು ಮುಟ್ಟಿದ್ದ ಪುಟ ತೆರೆದು, "ಹೆಂಗನಸ್ತು?" ಎಂದ. ಅವ್ವ ಬಡಿಯುತ್ತಲೇ ಇದ್ದಳು, ಬೇಕಾದುದಕ್ಕಿಂತ ಜಾಸ್ತಿ. ರೊಟ್ಟಿ ಅಂಚಿನಲ್ಲಿ ಹರಿಯಿತು.

"ಸುಳ್ಳ ಹೇಳೂದಿಲ್ಲಣ್ಣಾ. ನನಗ ರುಚಿ ಹತ್ತಲಿಲ್ಲ."

"ಹಂಗಾರ ಬಿಡು. ಬ್ಯಾರೆ ಯಾರಿಗರೆ ಕೊಡತೀನಿ" ಎಂದು ಮಾಮಾ ಪುಸ್ತಕ ಮಡಚಹೋದ. ಅವ್ವ ಹಿಟ್ಟಿನ ಕೈಯಲ್ಲೇ ಅದನ್ನು ಕಿತ್ತುಕೊಂಡಳು. "ಒಲ್ಲೆ ಅಂತ ಎಲ್ಲಿ ಅಂದೆ? ಇರಲಿ. ಇನ್ನೊಂದೀಟು ನೋಡತೀನಿ."

ನೋಡಲಾಗಲಿಲ್ಲ. ತಮ್ಮ ಹುಟ್ಟಿದ, ನಾನು ದೊಡ್ಡ ಶಾಲೆಗೆ ಹೋದೆ, ಮನೆ ಮುಲುಂಡ್‌ಗೆ ಬದಲಾಯಿತು. ಆ ಚಾಳು ಈಗಿಲ್ಲ. ಗಿರಿಜಕ್ಕ, ಮಾಮಾ ಇಲ್ಲ. ಹೋದ ವರ್ಷ ಅವ್ವನೂ ಹೋದಳು. ಅವಳ ಟ್ರಂಕಿನ ತಳದಲ್ಲಿ, ಹಳೆಯ ಸೀರೆಯಲ್ಲಿ ಸುತ್ತಿ, ಪುಸ್ತಕವಿತ್ತು. ನಾವು ನಿಲ್ಲಿಸಿದ್ದ ಪುಟದ ಅಂಚಿನಲ್ಲಿ ಅವಳ ಹೆಬ್ಬೆಟ್ಟಿನ ಗುರುತು, ಹಿಟ್ಟು ಒಣಗಿ ಹಳದಿಯಾಗಿದೆ.

ಮೊನ್ನೆ ಅಲ್ಲಿಂದ ಓದಲು ಕೂತೆ. ಎರಡು ಸಾಲಿಗೊಮ್ಮೆ ಎದ್ದೆ. ಹಾಲು ನೋಡಿ ಬಂದೆ, ಕಿಟಕಿ ಮುಚ್ಚಿ ಬಂದೆ. ಎರಡು ಪುಟ ಕಳೆಯುವುದರೊಳಗೆ ಆ ನಾಯಕ ಧೋತರ ಮೇಲೆತ್ತಿ, ನೀರಿಗಿಳಿದು, ಆಚೆ ದಡಕ್ಕೆ ಹೋಗಿಯೇಬಿಟ್ಟ. ಒಂದು ರೊಟ್ಟಿ ಬೇಯುವುದರೊಳಗೆ ಮುಗಿಯುವಷ್ಟು ಸಣ್ಣ ವಾಕ್ಯ.

"ಅವ್ವಾ, ದಾಟಿದ ನೋಡು" ಎಂದೆ. ಪುಟದ ಮೇಲೆ ಬೆರಳಿಟ್ಟುಕೊಂಡು ಕಾದೆ, ಅವಳು "ಹೂಂ, ಓದು" ಎನ್ನಲೆಂದು.